ದೀಪದಂಗಡಿಯವನ ಹವಳ

ವಾರಿಜ ಕೇಳಿದಳು: "ಅಜ್ಜ, ಹವಳದ ತೊಟ್ಟಿಗೆ ಬೆಳಕು ಎಷ್ಟು ಇಡಬೇಕು? ಪುಸ್ತಕ ನೂರೈವತ್ತು ಅನ್ನುತ್ತದೆ. ಲೈಟು ಕೊಟ್ಟವನು ಮುನ್ನೂರು ಅನ್ನುತ್ತಾನೆ. ನನ್ನ ಮೀಟರು ದಿನಕ್ಕೊಂದು ಹೇಳುತ್ತದೆ. ನಾನು ಯಾವುದನ್ನು ಹಿಡಿಯಲಿ?"

ವಾರಿಜ ನನ್ನ ಬಳಿ ತೊಟ್ಟಿಯ ಕೆಲಸ ಕಲಿಯಲು ಬರುವವಳು. ವಯಸ್ಸು ನಲವತ್ತು ದಾಟಿದೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾನು ಶಾಲೆಯ ಬೆಂಚಿನ ಮೇಲೆ ಕುಳಿತವನಲ್ಲ. ಆದರೂ ಅವಳು ಬಂದು ಕೇಳುವುದು ನನ್ನನ್ನೇ. ಗಾಜು ಕೂಡಿಸಿ, ಉಪ್ಪುನೀರು ತುಂಬಿಸಿ, ಅದರೊಳಗೆ ಹವಳ ಬದುಕಿಸುವ ಕೆಲಸದಲ್ಲಿ ಈ ಕರಾವಳಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ಬೇರೆಯವರು ಹೇಳಬೇಕಿತ್ತು. ಅವರು ಹೇಳದ ಕಾರಣ ನಾನೇ ಹೇಳಬೇಕಾಗಿದೆ.

ನಾನು ಕಟ್ಟಿದ ಒಂದು ತೊಟ್ಟಿಯಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ, ಆ ಮನೆಯ ಬೆಕ್ಕು ಒಳಗೆ ನೀರೇ ಇಲ್ಲವೆಂದು ತಿಳಿದು ಮೀನಿನ ಮೇಲೆ ಹಾರಿತು. ಹಾರಿದ ಮೇಲೂ ಅದಕ್ಕೆ ನೀರು ಕಾಣಲಿಲ್ಲ. ಮೈ ಯಾಕೆ ಒದ್ದೆಯಾಯಿತು ಎಂದು ಸಾಯುವವರೆಗೂ ಯೋಚಿಸುತ್ತಿತ್ತು. ಕಳೆದ ಸಲ ಹೇಳುವಾಗ ಅದು ನಾಯಿಯಾಗಿತ್ತಲ್ಲ ಎಂದು ವಾರಿಜ ಕೇಳಿದಳು. ನಾಯಿ ಬೇರೆ ಮನೆಯದ್ದು ಎಂದೆ.

ಆಮೇಲೆ ಅವಳನ್ನು ಕೂರಿಸಿ ಈ ಕತೆ ಹೇಳಿದೆ.

ಒಂದು ಪೇಟೆಯಲ್ಲಿ ಒಬ್ಬ ದೀಪದ ವ್ಯಾಪಾರಿ ಇದ್ದ. ಬಲ್ಬು, ಟ್ಯೂಬು, ಮಂಟಪದ ಲೈಟು, ದೋಣಿಯ ಲೈಟು, ಎಲ್ಲವನ್ನೂ ಮಾರುತ್ತಿದ್ದ. ದೀಪದಂಗಡಿಗೆ ಒಂದು ಕ್ರಮ ಉಂಟು. ಬೆಳಗ್ಗೆ ಬಾಗಿಲು ತೆಗೆದೊಡನೆ ಇದ್ದಬದ್ದ ದೀಪಗಳನ್ನೆಲ್ಲ ಪೂರ್ತಿ ಉರಿಸಬೇಕು. ಮಂಕಾಗಿ ಉರಿಯುವ ದೀಪವನ್ನು ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ. ಮೂವತ್ತು ವರ್ಷ ಅವನು ಹೀಗೇ ಮಾಡಿದ. ಆ ಅಂಗಡಿಯ ಬೆಳಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ನಾಲ್ಕರ ಬಿಸಿಲಿನಲ್ಲಿ ಅದರ ಎದುರು ನಡೆದು ಹೋದವರ ನೆರಳು ಸೂರ್ಯನ ಕಡೆಗೆ ಬೀಳುತ್ತಿತ್ತು.

ಬೆಳಕಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದುದು ಒಂದೇ ದಾರಿ, ಏರಿಸುವ ದಾರಿ.

ಅವನ ಹೆಂಡತಿಗೆ ಕಡಲೆಂದರೆ ಪ್ರೀತಿ. ಮೊಣಕಾಲು ನೋವು ಹೆಚ್ಚಾಗಿ ಆಕೆಗೆ ಕಡಲ ಬದಿಗೆ ನಡೆಯಲು ಆಗದೆ ಹೋಯಿತು. ಆಗ ವ್ಯಾಪಾರಿ ನನ್ನನ್ನು ಹುಡುಕಿಕೊಂಡು ಬಂದ. ಕಡಲನ್ನು ಮನೆಯೊಳಗೆ ತಂದು ಕೊಡಬೇಕು ಎಂದ. ಎಷ್ಟು ಬೇಕು ಎಂದು ಕೇಳಿದೆ. ಬಾಗಿಲಲ್ಲಿ ಹಿಡಿಸುವಷ್ಟು ಸಾಕು ಎಂದ.

ನಾಲ್ಕು ಅಡಿಯ ತೊಟ್ಟಿ ಕಟ್ಟಿಕೊಟ್ಟೆ. ಅದರಲ್ಲಿ ಹವಳದ ಒಂದು ತುಂಡು ಇಟ್ಟೆ. ಸಮುದ್ರದಿಂದ ಕಿತ್ತು ತಂದದ್ದಲ್ಲ, ಅದು ಮಾಡಬಾರದ ಕೆಲಸ. ಇನ್ನೊಂದು ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಅದಕ್ಕೆ ಬೆರಳುಗಳಂಥ ಎಸಳು. ಸುಖವಾಗಿರುವಾಗ ಎಸಳು ಬಿಚ್ಚಿ ನೀರಿನಲ್ಲಿ ತೂಗುತ್ತದೆ. ಕಷ್ಟವಾದಾಗ ಎಲ್ಲವನ್ನೂ ಒಳಗೆಳೆದುಕೊಂಡು ಕಲ್ಲಿನಂತೆ ಕೂರುತ್ತದೆ.

ತೊಟ್ಟಿಯ ಮೇಲಿನ ದೀಪ ವ್ಯಾಪಾರಿಯ ಅಂಗಡಿಯದ್ದು. ಬೆಳಕು ಏರಿಸಲು, ಇಳಿಸಲು ಅದಕ್ಕೊಂದು ಗುಂಡಿ, ಗುಂಡಿಯ ಸುತ್ತ ಹತ್ತು ಗೀಟು. ಮೂರನೆಯ ಗೀಟಿಗೆ ಇಟ್ಟು, ಇದನ್ನು ಮುಟ್ಟಬಾರದು ಎಂದೆ. ಹತ್ತು ಗೀಟು ಇರುವಾಗ ಮೂರಕ್ಕೇ ಯಾಕೆ ನಿಲ್ಲಬೇಕು ಎಂದು ಅವನು ಕೇಳಿದ.

ನಾನು ಹೇಳಿದೆ. ಹವಳ ಗಿಡವಲ್ಲ, ಕಲ್ಲಲ್ಲ, ಜೀವ ಇರುವ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿದೆ. ಆ ಪಾಚಿಯೇ ಅದರ ಅಡುಗೆಯವರು. ಬೆಳಕು ಅವರ ಒಲೆ. ಬೆಂಕಿ ಕಮ್ಮಿಯಾದರೆ ಅನ್ನ ಬೇಯುವುದಿಲ್ಲ. ಹೆಚ್ಚಾದರೆ ಅನ್ನ ಸೀದು ಮನೆ ತುಂಬ ಹೊಗೆ. ಹೊಗೆ ತಾಳಲಾರದೆ ಹವಳ ಅಡುಗೆಯವರನ್ನೇ ಹೊರಗೆ ದಬ್ಬುತ್ತದೆ. ಅಲ್ಲಿಗೆ ಅದರ ಬಣ್ಣ ಹೋಯಿತು, ಊಟವೂ ಹೋಯಿತು. ಬೆಳ್ಳಗಾಗಿ, ಹಸಿದು ಸಾಯುತ್ತದೆ.

ವ್ಯಾಪಾರಿ ತಲೆಯಾಡಿಸಿದ. ತಲೆಯಾಡಿಸಿದವರೆಲ್ಲ ಕೇಳಿಸಿಕೊಂಡಿರುತ್ತಾರೆ ಎಂದೇನೂ ಇಲ್ಲ.

ಹೆಂಡತಿ ಆ ಹವಳವನ್ನು ಪುಟ್ಟಕ್ಕ ಎಂದು ಕರೆದಳು. ದಿನವೂ ಬೆಳಗ್ಗೆ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂರುವಳು. ವ್ಯಾಪಾರಿ ಕಾಫಿ ಮಾಡಿ ತರುವನು. ಪುಟ್ಟಕ್ಕ ಎದ್ದಳು, ಪುಟ್ಟಕ್ಕನಿಗೆ ಇವತ್ತು ಸೋಮಾರಿತನ, ಪುಟ್ಟಕ್ಕನ ಮೇಲೆ ಮೀನು ಕುಳಿತಿದೆ, ಹೀಗೆ ಆಕೆ ವರದಿ ಒಪ್ಪಿಸುವಳು. ಅದನ್ನು ಕೇಳಿಸಿಕೊಂಡ ಮೇಲೆಯೇ ಅವನು ಅಂಗಡಿಗೆ ಹೋಗುವನು. ಹಾಗೆ ಎರಡು ವರ್ಷ ನಡೆಯಿತು.

ಒಂದು ಬೆಳಗ್ಗೆ ಆಕೆ, ಪುಟ್ಟಕ್ಕ ಇವತ್ತು ಮುಚ್ಚಿಕೊಂಡಿದ್ದಾಳೆ ಎಂದಳು. ವ್ಯಾಪಾರಿ ಬಗ್ಗಿ ನೋಡಿದ. ಹವಳ ಪೂರ್ತಿ ಬಿಚ್ಚಿ ತೂಗುತ್ತಿತ್ತು. ಆ ವಾರವೇ ಆಕೆಯನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

ಡಾಕ್ಟರು ಎರಡು ಮಾತು ಹೇಳಿದರು. ಕಣ್ಣಿನ ನಡುವಿನ ನೋಟ ಸವೆದು ಹೋಗಿದೆ, ಅದು ಇನ್ನು ಬರುವುದಿಲ್ಲ ಎಂಬುದು ಒಂದು. ಅಂಚಿನ ನೋಟ ಹಾಗೇ ಇದೆ, ಓರೆಯಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಿ ಎಂಬುದು ಇನ್ನೊಂದು. ಮೊದಲನೆಯ ಮಾತು ಕಿವಿಗೆ ಬಿದ್ದ ಮೇಲೆ ವ್ಯಾಪಾರಿಗೆ ಎರಡನೆಯದು ಕೇಳಿಸಲಿಲ್ಲ. ಅದನ್ನು ಹೆಂಡತಿ ಕೇಳಿಸಿಕೊಂಡಳು.

ಕಾಣದವರಿಗೆ ಏನು ಮಾಡಬೇಕೆಂದು ದೀಪದ ವ್ಯಾಪಾರಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಮನೆಗೆ ಬಂದವನೇ ಆಕೆಗೆ ತಿಳಿಯದಂತೆ ಗುಂಡಿಯನ್ನು ಒಂದು ಗೀಟು ಏರಿಸಿದ. ಆಕೆಯೂ ಅವನಿಗೆ ತಿಳಿಯದಂತೆ ಕುರ್ಚಿಯನ್ನು ತಿರುಗಿಸಿದಳು. ಮುಖ ಗೋಡೆಯ ಕಡೆಗೆ ಮಾಡಿ ಕುಳಿತರೆ ಕಣ್ಣಂಚಿನಲ್ಲಿ ಪುಟ್ಟಕ್ಕ ತೂಗುವುದು ಕಾಣುತ್ತಿತ್ತು.

ಮರುದಿನ ಆಕೆ, ಪುಟ್ಟಕ್ಕ ಚೆನ್ನಾಗಿ ಬಿಚ್ಚಿದ್ದಾಳೆ ಎಂದಳು. ಅದು ದೀಪದಿಂದ ಆಯಿತು ಎಂದು ಅವನು ತಿಳಿದ. ಕುರ್ಚಿಯಿಂದ ಆಯಿತು ಎಂದು ಆಕೆಗೆ ಗೊತ್ತಿತ್ತು. ಅವಳಿಗೆ ನೋವಾಗದಿರಲಿ ಎಂದು ಅವನು ದೀಪದ ಮಾತು ಎತ್ತಲಿಲ್ಲ. ಅವನಿಗೆ ನೋವಾಗದಿರಲಿ ಎಂದು ಅವಳು ಕುರ್ಚಿಯ ಮಾತು ಎತ್ತಲಿಲ್ಲ.

ಅಂದಿನಿಂದ ವ್ಯಾಪಾರಿ ಹವಳವನ್ನು ನೋಡುವುದು ಬಿಟ್ಟ. ಹೆಂಡತಿಯ ಮುಖವನ್ನು ನೋಡತೊಡಗಿದ.

ಆ ಮುಖ ಗೋಡೆಯ ಕಡೆಗಿತ್ತು. ತೊಟ್ಟಿ ಎಲ್ಲಿದೆ ಎಂಬುದೂ ಇವಳಿಗೆ ತಿಳಿಯದಾಯಿತಲ್ಲ ಎಂದು ಅವನು ಅಂದುಕೊಂಡ. ಇನ್ನೊಂದು ಗೀಟು ಏರಿಸಿದ. ಕಾಫಿಯ ಲೋಟವನ್ನು ಆಕೆಯ ಕೈಗೆ ಮುಟ್ಟಿಸಿ ಕೊಡತೊಡಗಿದ. ದಾರಿಯಲ್ಲಿದ್ದ ಕಾಲುಮಣೆಯನ್ನು ಎತ್ತಿಟ್ಟ. ಭಾನುವಾರ ಸ್ಟೂಲು ಹತ್ತಿ ದೀಪದ ಧೂಳು ಒರೆಸಿದ. ಅವನ ಪ್ರೀತಿಯಲ್ಲಿ ಕೊರತೆ ಇತ್ತು ಎಂದು ನಾನು ಹೇಳಲಾರೆ.

ಬೆಳಕು ಆರಕ್ಕೆ ಏರಿತು. ಹವಳ ಬಣ್ಣ ಬಿಡತೊಡಗಿತು. ಮೊದಲಿದ್ದ ಕಂದು ಹಸಿರು ತೆಳುವಾಗಿ, ಎಳೆ ಹಳದಿಯಾಗಿ ಮಿಂಚಿತು. ಹಾಗೆ ಮಿಂಚುವುದು ಕಾಯಿಲೆ. ಹೋಗುತ್ತ ಬರುತ್ತ ಕಣ್ಣಿಗೆ ಬಿದ್ದ ಆ ಮಿಂಚನ್ನು ವ್ಯಾಪಾರಿ ಆರೋಗ್ಯದ ಕಳೆ ಎಂದುಕೊಂಡ. ಅವನ ಅಂಗಡಿಯಲ್ಲಿ ಮಿಂಚುವುದೆಲ್ಲ ಒಳ್ಳೆಯದೇ.

ಒಂದು ದಿನ ಆಕೆ, ಪುಟ್ಟಕ್ಕ ಅರ್ಧ ಮುಚ್ಚಿಕೊಂಡಿದ್ದಾಳೆ ಎಂದಳು. ಅದು ನಿಜವಾಗಿತ್ತು. ಅವನು ಬಗ್ಗಿ ನೋಡಲಿಲ್ಲ. ಕಣ್ಣು ಇನ್ನಷ್ಟು ಹೋಯಿತು ಎಂದುಕೊಂಡು ಏಳಕ್ಕೆ ಏರಿಸಿದ. ಹವಳ ಇನ್ನಷ್ಟು ಮುದುಡಿತು. ಪೂರ್ತಿ ಮುಚ್ಚಿದೆ ಎಂದು ಆಕೆ ಹೇಳಿದಳು. ಎಂಟಕ್ಕೆ ಏರಿಸಿದ. ಬೆಳಕು ಜಾಸ್ತಿಯಾಯಿತೇನೋ ಎಂದು ಆಕೆ ಒಮ್ಮೆ ಕೇಳಿದಳು. ಕಾಣದವರಿಗೆ ಬೆಳಕು ಜಾಸ್ತಿಯಾಗುವುದುಂಟೇ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಬಾಯಲ್ಲಿ ಮಾತ್ರ, ಸರಿ ಮಾಡುತ್ತೇನೆ ಬಿಡು ಎಂದು ಮಗುವಿಗೆ ಹೇಳುವಂತೆ ಹೇಳಿದ. ಆ ದನಿ ಆಕೆಗೆ ಅರ್ಥವಾಯಿತು. ಆಮೇಲೆ ಬೆಳಗಿನ ವರದಿ ಚಿಕ್ಕದಾಯಿತು. ಮುಚ್ಚಿದೆ ಎಂಬ ಒಂದೇ ಮಾತು. ಅದನ್ನು ಕೇಳಿ ಅವನು ಅಂಗಡಿಗೆ ಹೋಗುವನು.

ಆ ದಿನಗಳಲ್ಲಿ ನಾನು ಊರಿನಲ್ಲಿರಲಿಲ್ಲ. ದೂರದ ಒಂದು ಮನೆಯಲ್ಲಿ ತೊಟ್ಟಿ ಕಟ್ಟುತ್ತಿದ್ದೆ. ಈ ತುದಿಯಲ್ಲಿ ಮಳೆ ಬಂದರೆ ಆ ತುದಿಯಲ್ಲಿ ಬಿಸಿಲು, ಅಷ್ಟು ದೊಡ್ಡ ತೊಟ್ಟಿ.

ವಾರಿಜ ತಡೆದು, ಮನೆಯೊಳಗಿನ ತೊಟ್ಟಿಗೆ ಮಳೆ ಹೇಗೆ ಬಂತು ಎಂದು ಕೇಳಿದಳು. ಛಾವಣಿ ಹಾಕಲು ಅಷ್ಟು ಹೆಂಚು ಯಾವ ಕಾರ್ಖಾನೆಯಲ್ಲೂ ಇರಲಿಲ್ಲ ಎಂದೆ. ಅವಳು ನಕ್ಕು, ಆಯಿತು, ಆ ಹೆಂಗಸಿನ ಕತೆ ಹೇಳಿ ಎಂದಳು.

ನಾನು ಊರಿಗೆ ಬಂದಾಗ ಆಕೆಯಿಂದ ಫೋನು ಬಂತು. ಒಮ್ಮೆ ಬಂದು ಹೋಗಿ ಎಂದಷ್ಟೇ ಹೇಳಿದಳು. ಹೋದೆ. ವ್ಯಾಪಾರಿ ಬಾಗಿಲಲ್ಲೇ ನನ್ನನ್ನು ಬದಿಗೆ ಕರೆದು ಪಿಸುದನಿಯಲ್ಲಿ ಹೇಳಿದ, ಪಾಪ, ಅವಳಿಗೆ ಈಗ ಏನೂ ಕಾಣುವುದಿಲ್ಲ, ದಿನವಿಡೀ ಗೋಡೆ ನೋಡುತ್ತ ಕೂರುತ್ತಾಳೆ, ಅಂಗಡಿಯಿಂದ ಇನ್ನೂ ಒಂದು ದೀಪ ತಂದಿದ್ದೇನೆ, ಅದನ್ನು ಎಲ್ಲಿ ಕಟ್ಟಿದರೆ ಒಳ್ಳೆಯದು ಎಂದು ನೀವು ಹೇಳಬೇಕು.

ತೊಟ್ಟಿಯ ಮುಂದೆ ಹೋಗಿ ನಿಂತೆ. ಗುಂಡಿ ಹತ್ತನೆಯ ಗೀಟಿನಲ್ಲಿತ್ತು. ಹವಳ ತೆಂಗಿನಕಾಯಿಯ ತಿರುಳಿನಷ್ಟು ಬೆಳ್ಳಗಿತ್ತು. ಎಸಳೆಲ್ಲ ಒಳಗೆ. ಬುಡದಲ್ಲಿ ಒಂದಿಷ್ಟು ಮಾಂಸ ಉಳಿದಿತ್ತು, ಅಷ್ಟರಿಂದ ಜೀವ ಇದೆ ಎಂದು ತಿಳಿಯಬೇಕು. ಎಷ್ಟು ಬೆಳಗುತ್ತಿದೆ ನೋಡಿ ಎಂದು ವ್ಯಾಪಾರಿ ಹಿಂದಿನಿಂದ ಹೇಳಿದ.

ನನಗೆ ಯಾವತ್ತೂ ಮಾತಿಗೆ ಬರವಿಲ್ಲ. ಆದರೆ ಆವತ್ತು ನನಗಿಂತ ಮೊದಲು ಮಾತಾಡಿದವಳು ಆಕೆ.

"ಮೂರು ತಿಂಗಳಾಯ್ತು ನಾನು ಹೇಳ್ತಾ ಇರೋದು, ಮುಚ್ಚಿದೆ ಅಂತ. ನಿಮಗೆ ನನ್ನ ಕಣ್ಣು ಮಾತ್ರ ಕಾಣುತ್ತದೆ."

"ನೀನು ನೋಡ್ತಾ ಇರೋದು ಗೋಡೆಯನ್ನಲ್ವಾ, ಇವಳೇ," ಎಂದ ವ್ಯಾಪಾರಿ.

"ನೇರ ನೋಡಿದರೆ ನಡುವೆ ಒಂದು ಕಪ್ಪು ಮುದ್ದೆ. ಗೋಡೆ ನೋಡಿದರೆ ಬದಿಯಲ್ಲಿ ಪುಟ್ಟಕ್ಕ ಆಡುವುದು ಕಾಣುತ್ತಿತ್ತು. ಈಗ ಆಡುವುದಿಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ನಾನು ಸದ್ದು ಮಾಡದೆ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಎರಡು ಬೆರಳು ಅಲ್ಲಾಡಿಸಿದೆ. ಆಕೆ ಗೋಡೆಯನ್ನೇ ನೋಡುತ್ತ, ಅಜ್ಜ ಕೈ ಹಾಕಿದರು, ಎರಡು ಬೆರಳು ಅಲ್ವಾ ಎಂದಳು. ಕೈ ತೆಗೆದೆ. ತೆಗೆದರು ಎಂದಳು.

ವ್ಯಾಪಾರಿ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ, ಬದುಕುತ್ತದಾ ಎಂದು ನನ್ನನ್ನು ಕೇಳಿದ. ಬೆಳಕು ಇಳಿಸಿದರೆ ಬದುಕಲೂಬಹುದು, ಸಾಯಲೂಬಹುದು, ಇಳಿಸದಿದ್ದರೆ ಮಾತ್ರ ಸಾಯುವುದು ಖಂಡಿತ ಎಂದೆ. ಅವನು ಗುಂಡಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಇಳಿಸಿದರೆ ಇವಳಿಗೆ ಇಷ್ಟೂ ಕಾಣದೆ ಹೋದರೆ ಎಂಬ ಹೆದರಿಕೆ ಅವನ ಮುಖದಲ್ಲಿ ಬರೆದಂತಿತ್ತು. ಅದು ಆಕೆಗೆ ಕಾಣಲಿಲ್ಲ. ಕಾಣದೆಯೂ ಆಕೆ ಹೇಳಿದಳು:

"ಇಳಿಸಿ. ಸತ್ತದ್ದು ಎಷ್ಟು ಬೆಳಗಿದರೂ ನನಗೆ ಬೇಡ."

ಅವನೇ ಎದ್ದು ಇಳಿಸಿದ. ಆ ಮನೆಯಲ್ಲಿ ಅವನು ಒಂದು ದೀಪವನ್ನು ತಗ್ಗಿಸಿದ್ದು ಅದೇ ಮೊದಲು.

ಬೆಳ್ಳಗಾದ ಹವಳಕ್ಕೆ ಮೂರನೆಯ ಗೀಟೂ ಹೆಚ್ಚು. ಗುಂಡಿಯನ್ನು ಮೂರರಲ್ಲಿಟ್ಟು, ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ನಾಲ್ಕು ಪದರ ಹಾಸಿದೆ. ಇದು ನಾನು ಕಂಡುಹಿಡಿದ ಉಪಾಯ. ನಾಲ್ಕು ಊರುಗಳಲ್ಲಿ ನಾಲ್ಕು ಜನ ತಾವು ಕಂಡುಹಿಡಿದದ್ದು ಎನ್ನುತ್ತಾರೆ, ನಾಲ್ವರೂ ನನ್ನಿಂದ ಕಲಿತವರೇ. ಹವಳ ಚೇತರಿಸಿಕೊಂಡ ಹಾಗೆಲ್ಲ ಒಂದೊಂದೇ ಪದರ ತೆಗೆಯಬೇಕು. ಅವಸರ ಮಾಡಿದರೆ ಮತ್ತೆ ಮೊದಲಿನ ಕತೆಯೇ. ಅಡುಗೆಯವರು ತಿರುಗಿ ಬರುವವರೆಗೆ ಸೀಗಡಿಯನ್ನು ನುಣ್ಣಗೆ ಅರೆದು ಸಣ್ಣ ನಳಿಕೆಯಲ್ಲಿ ಅದರ ಬಾಯಿಗೆ ಮುಟ್ಟಿಸಬೇಕು.

ಚೇತರಿಸಿಕೊಂಡಿತು ಎಂದು ತಿಳಿಯುವುದು ಹೇಗೆ ಎಂದು ವ್ಯಾಪಾರಿ ಕೇಳಿದ. ನಾನು ಕುರ್ಚಿಯ ಕಡೆ ಕೈ ತೋರಿಸಿದೆ. ಮೊದಲು ಆಡುವ ಎಸಳು ಕೂದಲೆಳೆಯಷ್ಟು ಆಡುತ್ತದೆ. ನೇರ ನೋಡುವ ನಮ್ಮ ಕಣ್ಣು ಅದನ್ನು ದಾಟಿ ಹೋಗುತ್ತದೆ. ದಿನವಿಡೀ ಓರೆಯಾಗಿ ಕಾಯುವ ಕಣ್ಣಿಗೆ ಅದು ಸಿಗುತ್ತದೆ.

ಹತ್ತು ದಿನ ಹೋಯಿತು. ಇಪ್ಪತ್ತು ದಿನ ಹೋಯಿತು. ಬೆಳಗ್ಗೆ ಕಾಫಿಯ ಹೊತ್ತಿಗೆ ಅವನು ಕೇಳುವನು, ಇಲ್ಲ ಎಂದು ಆಕೆ ಹೇಳುವಳು. ಅವನು ಗುಂಡಿ ಮುಟ್ಟುತ್ತಿರಲಿಲ್ಲ. ನಳಿಕೆ ಹಿಡಿದು ಸೀಗಡಿ ತಿನ್ನಿಸುವನು. ಈಗ ಬೆಳಕು ಕಮ್ಮಿ, ಅವನಿಗೇ ಸರಿಯಾಗಿ ಕಾಣದು. ಎಡಕ್ಕೆ, ಇನ್ನೂ ಕೆಳಗೆ, ಅಲ್ಲ, ಅದು ಕಲ್ಲು, ಕಲ್ಲಿಗೆ ಯಾಕೆ ಊಟ ಹಾಕ್ತೀರಿ ಎಂದು ಆಕೆ ಕುರ್ಚಿಯಿಂದಲೇ ನಡೆಸುವಳು. ಹಾಗೆ ಅವರ ನಡುವೆ ಮತ್ತೆ ಮಾತು ಹುಟ್ಟಿತು. ಅವನು ಅಂಗಡಿಗೆ ತಡವಾಗಿ ಹೋಗತೊಡಗಿದ.

ಮೂವತ್ತನಾಲ್ಕನೆಯ ದಿನ, ಅವನು ಕೇಳುವ ಮೊದಲೇ ಆಕೆ, ಒಂದು ಎಸಳು ಆಡಿತು ಎಂದಳು. ನಾನು ಅಲ್ಲೇ ಇದ್ದೆ. ನಾನು ನೋಡಿದೆ, ನನಗೆ ಕಾಣಲಿಲ್ಲ. ನನ್ನ ಕಣ್ಣು ಹದ್ದಿನ ಕಣ್ಣು, ಆದರೂ ಕಾಣಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ವ್ಯಾಪಾರಿ ತೊಟ್ಟಿಯ ಕಡೆ ಬಗ್ಗಲೇ ಇಲ್ಲ. ನೆಟ್ಟಗೆ ಹೋಗಿ ಸೊಳ್ಳೆಪರದೆಯ ಒಂದು ಪದರ ತೆಗೆದ.

ಹನ್ನೆರಡು ದಿನದ ಮೇಲೆ ಇನ್ನೊಂದು ಪದರ. ಹವಳಕ್ಕೆ ಬಣ್ಣ ಬರತೊಡಗಿತು. ಮೊದಲು ಬಂದದ್ದು ಕೆಸರಿನಂಥ ಕಂದು. ಅಡುಗೆಯವರು ಮನೆಗೆ ತಿರುಗಿ ಬಂದ ಗುರುತು ಅದು. ದೀಪದ ವ್ಯಾಪಾರಿಗೆ ಆ ಮಂಕು ಬಣ್ಣ ಹಿಡಿಸಲಿಲ್ಲ. ಅವನ ಕೈ ಗುಂಡಿಯ ಹತ್ತಿರ ಹೋದದ್ದನ್ನು ನಾನು ಕಂಡೆ. ಪುಟ್ಟಕ್ಕ ಹೇಗಿದ್ದಾಳೆ ಎಂದು ಹೆಂಡತಿಯನ್ನು ಕೇಳಿದ. ಊಟ ಮಾಡಿ ಕುಳಿತವರ ಹಾಗೆ ತೂಗುತ್ತಿದ್ದಾಳೆ ಎಂದಳು. ಕೈ ಹಿಂದೆ ಬಂತು.

ಮೂರನೆಯ ಪದರವೂ ಹೋಯಿತು. ಎಸಳೆಲ್ಲ ಬಿಚ್ಚಿ ಹವಳ ಅಂಗೈ ಅಗಲವಾಯಿತು. ಉಳಿದದ್ದು ಕೊನೆಯ ಪದರ. ಅದನ್ನೂ ತೆಗೆಯುವ ದಿನ ನನ್ನನ್ನು ಕರೆದರು, ಪಾಯಸ ಮಾಡಿದ್ದರು. ವ್ಯಾಪಾರಿ ಸ್ಟೂಲು ಹತ್ತಿ ಬಟ್ಟೆಯ ಮೂಲೆ ಹಿಡಿದು ನಿಂತ. ಹೆಂಡತಿ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಮೇಲೆ, ಪುಟ್ಟಕ್ಕನಿಗೆ ಇಷ್ಟು ಬೆಳಕು ಸಾಕು, ಅದನ್ನು ಹಾಗೇ ಬಿಡಿ ಎಂದಳು. ನಾನು ಹಾಕಿಕೊಟ್ಟ ಲೆಕ್ಕದಲ್ಲಿ ಆ ಪದರವೂ ಹೋಗಬೇಕಿತ್ತು. ಬಾಯಿ ತೆರೆದೆ. ವ್ಯಾಪಾರಿ ನನ್ನ ಕಡೆ ನೋಡದೆ ಸ್ಟೂಲಿನಿಂದ ಇಳಿದ. ಪಾಯಸ ತಿಂದು ಬಂದೆ. ಹವಳ ಬದುಕಿತು. ಎರಡು ವರ್ಷದಲ್ಲಿ ಒಡೆದು ಮೂರು ಹವಳವಾಯಿತು.

ಇಷ್ಟು ಹೇಳಿ ಕತೆ ಮುಗಿಸಿದೆ.

ವಾರಿಜ ಪೆನ್ನು ತೆಗೆದು, ಆ ಕೊನೆಯ ಪದರ ಇರುವಾಗ ಹವಳದ ಮೇಲೆ ಬೀಳುತ್ತಿದ್ದ ಬೆಳಕು ಎಷ್ಟು, ಆ ಅಂಕಿಯೊಂದನ್ನು ಹೇಳಿ ಅಜ್ಜ, ಬರೆದುಕೊಳ್ಳುತ್ತೇನೆ ಎಂದಳು.

"ಅಳೆದವರಿಲ್ಲ ಮಾರಾಯ್ತಿ, ಆಕೆ ಸಾಕು ಅಂದಳು, ಆತ ನಂಬಿದ," ಎಂದೆ.

ವಾರಿಜ ಏನೂ ಬರೆದುಕೊಳ್ಳಲಿಲ್ಲ.